ಸುಣ್ಣಗಾಲು ಬಯಲು

ಕರಡಿಹಾಳದ ಕೆರೆಯ ದಂಡೆಗೆ ಹೋದವರಿಗೆ ಮೊದಲು ಕಾಣುವುದು ಸುಣ್ಣಗಾಲು ಬಯಲು. ಸಂಬಳಕ್ಕೆ ಆಡುವ ಕಬಡ್ಡಿ ತಂಡವೊಂದು ಇಂದು ಅಲ್ಲಿ ಅಭ್ಯಾಸ ಮಾಡುತ್ತದೆ. ಆಟಗಾರರ ಅಂಗಿಯ ಬೆನ್ನ ಮೇಲೂ ‘ಸುಣ್ಣಗಾಲಿನವರು’ ಎಂದೇ ಬರೆದಿದೆ. ನೋಡಿದವರು ಅದನ್ನು ಬಿರುದೆಂದು ತಿಳಿಯುತ್ತಾರೆ. ಬಿರುದೂ ಇಲ್ಲ, ಮಣ್ಣೂ ಇಲ್ಲ. ಅದು ಶುದ್ಧ ಬೈಗುಳ.

ಹಿಂದೆ ಒಮ್ಮೆ ಕೆರೆಯಾಚೆಯ ಹಟ್ಟಿಯಲ್ಲಿ ಸುಣ್ಣ ಸುಡುವ ಜನ ಇದ್ದರು. ಸುಟ್ಟ ಕಲ್ಲು ಅರಳಿ ಸುಣ್ಣವಾಗಬೇಕಾದರೆ ನೀರು ಬೇಕು. ಕೆರೆಯೋ ಕರಡಿಹಾಳದ ಅಡಿವೆಪ್ಪಗೌಡನ ಹಿಡಿತದಲ್ಲಿತ್ತು. ನೀರು ಕೇಳಿದ್ದಕ್ಕೆ, ಹುತುತು, ಅಂದರೆ ಕಬಡ್ಡಿ, ಆಡಿ ಗೆಲ್ಲಿರಿ, ಗೆದ್ದರೆ ಕೆರೆ ನಿಮ್ಮದೂ ಆಗುತ್ತದೆ, ಸೋತರೆ ಹಟ್ಟಿ ಕಿತ್ತುಕೊಂಡು ನಡೆಯಿರಿ ಎಂದನಂತೆ. ಅವನ ತಂಡ ಆ ಬಯಲಲ್ಲಿ ಸೋತದ್ದೇ ಇರಲಿಲ್ಲ. ತೀರ್ಪು ಹೇಳುವ ಪಂಚ ಅವನ ಭಾವಮೈದುನ. ಎದುರಾಳಿ ಮುಟ್ಟಿದರೂ ಮುಟ್ಟಿಲ್ಲ ಎನ್ನುವುದೇ ಆ ಮಹಾನುಭಾವನ ಕಸುಬು. ಹಟ್ಟಿಯ ನಾಯಕ ಹುಚ್ಚೀರಪ್ಪನಿಗೆ ಇದೆಲ್ಲ ಗೊತ್ತಿತ್ತು. ಆದರೂ ಒಪ್ಪಿದ.

ಬಂದ ತಂಡಕ್ಕೆ ಕೈಕಾಲು ತೊಳೆಯಲು ನೀರು ಕೊಟ್ಟೇ ಆಟ ಶುರುಮಾಡುವುದು ಆ ಸೀಮೆಯ ಪದ್ಧತಿ. ಭಟ್ಟಿಯಿಂದ ನೇರವಾಗಿ ಬಂದವರ ಕೈಕಾಲೆಲ್ಲ ಬೆಳ್ಳಗಿದ್ದವು.

“ಸುಣ್ಣಗಾಲಿನ ಮಂದಿಗೆ ನೀರ್ಯಾಕ? ಹಂಗ ಆಡ್ರಲೇ,” ಎಂದು ಗೌಡ ನಕ್ಕ.

ಹುಚ್ಚೀರಪ್ಪ ಗೆರೆ ದಾಟಿದ. ಗೌಡನ ಮಗನ ತೊಡೆಗೆ ಬಾರಿಸಿ ಮರಳಿದ. ಪಂಚ ವಾಡಿಕೆಯಂತೆ “ಮುಟ್ಟಿಲ್ಲ” ಎಂದ. ನೋಡಿದರೆ, ಕರಿ ತೊಡೆಯ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿವೆ! ಸುತ್ತಲ ಏಳೂರಿನ ಜನ ಹೋ ಎಂದು ಕೂಗಿದರು. ಪಂಚ ತೀರ್ಪು ತಿರುಗಿಸಬೇಕಾಯಿತು. ಒಬ್ಬೊಬ್ಬನ ಮೈಮೇಲೂ ಗುರುತು ಬಿದ್ದು, ಹೊತ್ತು ಇಳಿಯುವ ಮೊದಲೇ ಗೌಡನ ತಂಡ ಬಯಲು ಬಿಟ್ಟಿತು. ಮಾನ ಉಳಿಸಿಕೊಳ್ಳಲು ಗೌಡ ತಾನೇ ನೀರಿನ ಬಿಂದಿಗೆ ತರಿಸಿ ಮುಂದೆ ಹಿಡಿದ.

“ಬ್ಯಾಡ್ರಿ ಗೌಡ್ರ. ಕೆರಿ ಈಗ ನಮ್ಮದೂ ಐತಿ,” ಎಂದ ಹುಚ್ಚೀರಪ್ಪ, ಅವನ ಕಣ್ಣೆದುರೇ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು ನಿಧಾನವಾಗಿ ಕಾಲುಜ್ಜಿಕೊಂಡ.

ಸುಣ್ಣಗಾಲು ಇಳಿದ ನೀರನ್ನು ಮುಟ್ಟುವುದಿಲ್ಲವೆಂದು ಗೌಡ ಅಂದೇ ಆಣೆ ಹಾಕಿ, ಊರಿನ ಕೈಯಲ್ಲೂ ಹಾಕಿಸಿ, ಬಯಲಿನಾಚೆ ಬಾವಿ ತೋಡಿಸಿದ ಎನ್ನುತ್ತಾರೆ. ಇಂದಿಗೂ ಬೇಸಗೆಯಲ್ಲಿ ಹೋದವರು ನೋಡಬಹುದು. ತುಂಬಿದ ಕೆರೆಗೆ ಬೆನ್ನು ಮಾಡಿ, ತಳ ಕಾಣುವ ಬಾವಿಯ ಸುತ್ತ ಕರಡಿಹಾಳದ ಹೆಂಗಸರು ಕೊಡ ಹಿಡಿದು, ಗೌಡನ ವಂಶವನ್ನು ಬೈಯುತ್ತ ಸಾಲು ನಿಂತಿರುತ್ತಾರೆ.