ಬುದ್ಧಿಪೆಟ್ಟಿಗೆಯ ಒಂದು ಗುಟುಕು

ಕಾಲು ಮಡಚಿ ಕೂತುಕೊಳ್ಳಿ ಮಕ್ಕಳೇ, ಹಿಂದೆ ಕೂತವರೂ ಮುಂದೆ ಬನ್ನಿ. ಹೊಂಬಾಳೆ ಅಂತ ಒಂದು ರಾಜ್ಯ. ಅಲ್ಲಿ ವೀರಮಲ್ಲ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಮಹಾ ಸೋಮಾರಿ. ಯೋಚನೆ ಮಾಡಬೇಕು ಅಂದರೆ ಅವನಿಗೆ ತಲೆನೋವು.

ಒಂದು ದಿನ ಚದುರಪ್ಪ ಎಂಬ ವ್ಯಾಪಾರಿ ಗಾಡಿಯಲ್ಲಿ ದೊಡ್ಡ ಪೆಟ್ಟಿಗೆ ತಂದ.

"ಮಹಾಪ್ರಭು, ಇದು ಬುದ್ಧಿಪೆಟ್ಟಿಗೆ. ನನ್ನ ಆಳುಗಳು ಗುಡ್ಡ ಅಗೆದು ತಂದ ಹರಳು ಇದರ ಹೊಟ್ಟೆಯಲ್ಲಿದೆ. ಏನು ಕೇಳಿದರೂ ಹೇಳುತ್ತೆ. ಯೋಚಿಸುವಾಗ ಮೈ ಕಾಯುತ್ತೆ, ಅಷ್ಟೆ. ತಣಿಸಲು ಒಂದು ಪ್ರಶ್ನೆಗೆ ಒಂದು ಗುಟುಕು ನೀರು ಸಾಕು."

"ಒಂದು ಗುಟುಕು ತಾನೆ? ಕುಡಿಯಲಿ," ಅಂತ ರಾಜ ಮಾತು ಕೊಟ್ಟುಬಿಟ್ಟ.

ಮೊದಲ ದಿನ ರಾಜ ಕೇಳಿದ, "ಯಾವ ಪೇಟ ಕಟ್ಟಲಿ?" ಪೆಟ್ಟಿಗೆ "ಕೆಂಪು" ಅಂದಿತು. ಅರಮನೆಯ ಬಾವಿಗೆ ಕೊಳವೆ ಇಳಿಸಿ ಗಟಗಟ ಕುಡಿಯಿತು. ಬಾವಿ ಬತ್ತಿತು.

ಎರಡನೆಯ ದಿನ ಕೇಳಿದ, "ಏನು ಉಣ್ಣಲಿ?" "ಹೋಳಿಗೆ" ಅಂದಿತು. ಊರ ಕಲ್ಯಾಣಿ ಬತ್ತಿತು.

ಮೂರನೆಯ ದಿನ ಕೇಳಿದ, "ನನಗಿಂತ ಚೆಲುವ ಇದ್ದಾನಾ?" "ಇಲ್ಲ" ಅಂದಿತು. ಪೆಟ್ಟಿಗೆಗೂ ಅರಮನೆಯ ಗಾಳಿ ಬಡಿದಿತ್ತು ನೋಡಿ. ಅರ್ಧ ಕೆರೆ ಖಾಲಿಯಾಯಿತು.

ಆ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವವಳು ನೀರಗಂಟಿ ಕೆಂಚವ್ವ. ಅವಳು ಲೆಕ್ಕ ಹಾಕಿದಳು. ನಾಟಿಗೆ ಎಂಟೇ ದಿನ. ಇನ್ನೊಂದು ಗುಟುಕು ಹೋದರೆ ಸಸಿ ಒಣಗುತ್ತೆ, ಊರಿಗೆ ಊರೇ ಉಪವಾಸ. ಸೀದಾ ಅರಮನೆಗೆ ನಡೆದು, ಪೆಟ್ಟಿಗೆಗೆ ನೀರು ನಿಲ್ಲಿಸಿ ಅಂದಳು. ಚದುರಪ್ಪನೂ ಅಲ್ಲೇ ಇದ್ದ.

ರಾಜ ತಲೆ ತಗ್ಗಿಸಿದ. "ಏನು ಮಾಡಲಿ ಕೆಂಚವ್ವ, ಮಾತು ಕೊಟ್ಟಿದ್ದೀನಿ."

"ಮಾತು ಮುರೀಬ್ಯಾಡಿ ಬುದ್ಧೀ. ನಮ್ಮ ಕೆರೆಗೂ ಒಂದು ಕಟ್ಟಳೆ ಐತೆ. ನೀರು ಕುಡಿದೋರು ಕೆರೆ ತಳದ ಹೂಳು ಬುಟ್ಟೀಲಿ ಹೊರಬೇಕು. ಈ ಪೆಟ್ಟಿಗೆಯೋರಿಗೆ ಗುಟುಕಿಗೊಂದು ಮಂಕರಿ ಅಂತಿಟ್ಟುಕೊಳ್ಳಿ."

ಚದುರಪ್ಪ ನಕ್ಕ. "ಮೂರು ಮಂಕರಿ ತಾನೆ? ನಾಳೆಯೇ ಹೊರುತ್ತೀನಿ. ರಾಜರ ಆಣೆ."

ಮರುದಿನ ನೀರಿಳಿದ ಕೆರೆಯಂಗಳಕ್ಕೆ ಬಂದು ನೋಡುತ್ತಾನೆ, ಊರವರೆಲ್ಲ ಸೇರಿ ಬಿದಿರಿನ ಮಂಕರಿ ಹೆಣೆದು ನಿಲ್ಲಿಸಿದ್ದಾರೆ. ಬಾವಿಯಷ್ಟು ಅಗಲ, ಬಾವಿಯಷ್ಟು ಎತ್ತರ.

"ಇದ್ಯಾವ ಮಂಕರಿ?"

"ನಿನ್ನ ಗುಟುಕು ಬಾವಿಯಷ್ಟಾದರೆ ನಮ್ಮ ಮಂಕರಿಯೂ ಬಾವಿಯಷ್ಟೇ ಕಣಪ್ಪ," ಅಂದಳು ಕೆಂಚವ್ವ. "ಕಲ್ಯಾಣಿಯಷ್ಟು ದೊಡ್ಡದು, ಅರ್ಧ ಕೆರೆಯಷ್ಟು ದೊಡ್ಡದು, ಇನ್ನೂ ಹೆಣೀತಾ ಇದ್ದೀವಿ."

"ನನ್ನ ಆಳುಗಳನ್ನ ಕರೆಸ್ತೀನಿ."

"ಪೆಟ್ಟಿಗೆ ಹೊಟ್ಟೆಗೆ ಹರಳು ತುಂಬೋಕೆ ಗುಡ್ಡ ಅಗೆದು, ಅಂಗೈ ಸುಲಿಸಿಕೊಂಡೋರನ್ನಾ? ಅವರು ಹೊತ್ತದ್ದು ಸಾಕು. ನೀನೇ ಹೊರು."

ಚದುರಪ್ಪ ರಾಜನ ಮುಖ ನೋಡಿದ. ರಾಜ ಗುದ್ದಲಿ ಕೊಟ್ಟ. ಮೊದಲ ಮಂಕರಿಯ ತಳ ಮುಚ್ಚುವಷ್ಟರಲ್ಲೇ ಚದುರಪ್ಪನ ಅಂಗೈಯೂ ಸುಲಿಯಿತು. "ಬಾವಿ ಅನ್ನಬೇಕಾದಲ್ಲಿ ಗುಟುಕು ಅಂದೆ, ತಪ್ಪಾಯಿತು," ಅಂತ ಎಲ್ಲರೆದುರು ಒಪ್ಪಿಕೊಂಡ. ಗುಡ್ಡ ಅಗೆಯುವುದು ಅಂದೇ ನಿಂತಿತು. ಹೂಳು ಹೊರುವುದು ಮಾತ್ರ ಅವನಿಗೆ ತಪ್ಪಲಿಲ್ಲ.

ಉಳಿದ ನೀರಿನಲ್ಲಿ ನಾಟಿ ಮುಗಿಯಿತು. ಮಳೆ ಬಂತು. ಹೂಳು ತೆಗೆದ ಕೆರೆ ಎಂದೂ ಇಲ್ಲದಷ್ಟು ತುಂಬಿತು.

ಪೆಟ್ಟಿಗೆಯನ್ನು ಏನು ಮಾಡಿದರು ಅಂತೀರಾ? ಕೆರೆ ಏರಿಯ ಮೇಲೆ ಕೆಂಚವ್ವನ ಕಾವಲಿನಲ್ಲಿ ಇಟ್ಟರು, ನೀರು ಅವಳು ಅಳೆದು ಕೊಟ್ಟಷ್ಟೇ. ಕೇಳಬೇಕಾದವರು ಮೊದಲು ಹೂಳು ಹೊತ್ತು ಏರಿ ಹತ್ತಬೇಕು. ಮಗುವಿನ ಜ್ವರಕ್ಕೆ ಮದ್ದು ಕೇಳಲು ತಾಯಂದಿರು ಹತ್ತಿದರು. ಒಮ್ಮೆ ರಾಜನೂ ಹೊತ್ತ. ಅರ್ಧ ಏರಿ ಹತ್ತುವಷ್ಟರಲ್ಲಿ ಉತ್ತರ ಅವನ ತಲೆಗೇ ಹೊಳೆದುಬಿಟ್ಟಿತು.

ನೀತಿ ಇಷ್ಟೇ ಮಕ್ಕಳೇ: ಯಾವ ಜಾಣ ಯಂತ್ರವೇ ಬರಲಿ, ಅದು ಯಾರ ನೀರು ಕುಡಿಯುತ್ತೆ, ಯಾರ ಕೈ ಸುಲಿಯುತ್ತೆ ಅಂತ ಮೊದಲು ಕೇಳಿ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ.