ಮಸಿ ಕಾಣದ ಓಲೆ

ಒಂದಾನೊಂದು ಕಾಲ ಅಂದ್ರೆ, ಕಾಗದ ಅನ್ನೋದು ನಮ್ಮ ಕಡೆ ಇನ್ನೂ ಕಾಲಿಡದ ಕಾಲ. ಆಗ ಹೊಳೆದಂಡೆಯ ಊರೊಂದರಲ್ಲಿ ಹೊನ್ನಿ ಅಂತ ಒಬ್ಬಳು ಹುಡುಗಿ ಇದ್ದಳಂತೆ. ಅಪ್ಪ ಓಲೆ ಬರೆಯೋನು. ಸಾಯುವಾಗ ಅವಳಿಗೆ ಬಿಟ್ಟುಹೋದದ್ದು ನಾಲ್ಕು ಅಕ್ಷರ, ಗರಿ ಕೊರೆಯೋ ಒಂದು ಕಬ್ಬಿಣದ ಮೊನೆ, ಅಷ್ಟೇ. ಅಣ್ಣನ ಮನೇಲಿದ್ದು, ರಾಗಿ ಬೀಸಿ, ಕೊಟ್ಟಿಗೆ ಬಾಚಿ, ಬಿಡುವಾದಾಗ ಬೆಟ್ಟದ ರಂಗಸ್ವಾಮಿ ಮೇಲೆ ಪದ ಕಟ್ಟಿ ತಾಳೆಗರಿ ಮೇಲೆ ಕೊರೀತಿದ್ದಳಂತೆ.

ಗರಿ ಮೇಲೆ ಕೊರೆದದ್ದು ಹಾಗೇ ಕಣ್ಣಿಗೆ ಕಾಣಲ್ಲ ಕಂದಾ. ಮಸಿ ಸವರಿ ಒರೆಸಿದರೆ ಮಾತ್ರ ಅಕ್ಷರ ಕಪ್ಪಗೆ ಏಳ್ತವೆ. ಆ ಊರಲ್ಲಿ ಒಂದು ಕಟ್ಟಳೆ, ಬರೆದವರೇ ಮಸಿ ಹಚ್ಚಬಾರದು, ಓದೋರು ಹಚ್ಚಬೇಕು. ಯಾರಾದರೂ ಒಬ್ಬರು ತನ್ನ ಪದಕ್ಕಾಗಿ ಕೈ ಕಪ್ಪು ಮಾಡಿಕೊಳ್ಳಲಿ ಅನ್ನೋದೊಂದೇ ಹೊನ್ನಿಯ ಆಸೆ.

ಮೊದಲು ಪಂಡಿತರ ಮನೆಗೆ ಹೋದಳಂತೆ. ಈಗಷ್ಟೇ ಮಡಿ ಉಟ್ಟಿದೀನಿ ಕಣಮ್ಮ, ನಾಳೆ ಬಾ ಅಂದರು. ನಾಳೆ ಹೋದರೆ ಮತ್ತೆ ನಾಳೆ. ಆಮೇಲೆ ಅರಮನೆ ಹಾಡುಗಾರನ ಹತ್ತಿರ ಹೋದಳು, ಅವನು ಉಂಗುರದ ಬೆರಳು ಮುಂದೆ ಚಾಚಿ, ಈ ಕೈಗೆ ಮಸಿಯಾ ಅಂತ ನಕ್ಕನಂತೆ. ಆಮೇಲೆ ಅಪ್ಪನ ಗೆಳೆಯ ಒಬ್ಬ, ಅವನೂ ಓಲೆ ಬರೆಯೋನೇ. ಇವನಾದರೂ ಅಂತ ಹೋದರೆ, ಬರಿಗರಿ ಮಿಕ್ಕಿದ್ರೆ ಕೊಟ್ಟುಹೋಗು ತಾಯಿ, ನಿನಗ್ಯಾಕೆ ಅಂದುಬಿಟ್ಟ. ಆವತ್ತು ಅವಳಿಗೆ ದಾರಿಯೇ ಕಾಣಲಿಲ್ಲ, ಕಣ್ಣಲ್ಲಿ ಅಷ್ಟು ನೀರು.

ಮನೇಲಿ ಅತ್ತಿಗೆ ಬೇರೆ. ಯಾರು ಓದಿದ್ರೇ ಸರಸ್ವತೀ, ಪಂಡಿತರಾ, ದೊರೆಗಳಾ? ಹೊನ್ನಿ ಮೆಲ್ಲಗೆ, ಸ್ವಾಮಿ ಓದ್ತಾನೆ ಬಿಡಿ ಅತ್ತಿಗೆ ಅಂದಳಂತೆ. ಅಯ್ಯೋ, ಅವನಿಗೇನು ಬೇರೆ ಕೆಲಸ ಇಲ್ವಾ ಅಂತ ಅತ್ತಿಗೆ ನಕ್ಕಳಂತೆ!

ಅಜ್ಜೀ, ಸ್ವಾಮಿ ಓದ್ತಾನೆ ಅಂತ ಅವಳಿಗೆ ನಿಜವಾಗ್ಲೂ ಅನ್ನಿಸಿತ್ತಾ?

ಅನ್ನಿಸಿದ ದಿನ ಇತ್ತು, ಅನ್ನಿಸದ ದಿನವೂ ಇತ್ತು. ಅನ್ನಿಸದ ದಿನವೂ ಒಂದು ಗರಿ ಕೊರೀತಿದ್ದಳು. ಕಣ್ಣು ಮುಚ್ಚು.

ಆಮೇಲೆ ಒಂದು ಬೆಳಗ್ಗೆ ಓಲೆ ಕಟ್ಟು ಎತ್ತಿಕೊಂಡು ಬೆಟ್ಟ ಹತ್ತಿ, ಗುಡಿ ಬಾಗಿಲಲ್ಲಿ ಇಟ್ಟು, ಸಾಕಾಯ್ತು ಸ್ವಾಮಿ, ನೀನೇ ಇಟ್ಕೋ, ಆದ್ರೂ ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಂದಳಂತೆ. ಸ್ವಾಮಿ ಮುಡಿಯಿಂದ ಒಂದು ಹೂವೂ ಬೀಳಲಿಲ್ಲ. ಕಟ್ಟಿದ ದಾರ ಸಡಿಲಾಗಿ ಗರಿಗಳು ಮೆಟ್ಟಿಲ ಕೆಳಗೆ ಜಾರಿದವು, ಅಷ್ಟೇ.

ಅಲ್ಲಿ ಸಣ್ಣಕ್ಕ ಅನ್ನೋಳು ಪ್ರಸಾದದ ಹಂಡೆ ಉಜ್ಜುತ್ತಿದ್ದಳು, ಮೊಣಕೈವರೆಗೂ ಮಸಿ. ಯಾರಮ್ಮಾ ಚೆಲ್ಲಾಡೋದು ಅಂತ ಬೈಕೊಂಡು ಗರಿ ಆರಿಸಿದಳು, ಅಯ್ಯೋ ಕೊಳೆಯಾಯ್ತಲ್ಲ ಅಂತ ಸೆರಗಲ್ಲಿ ಒರೆಸಿದಳು. ಅಕ್ಷರ ಸಾಲುಸಾಲಾಗಿ ಎದ್ದುಬಂದವಂತೆ! ನಂಗೆ ಓದೋಕೆ ಬರಲ್ಲ ತಾಯಿ, ಏನಂತದೆ ಇದು ಅಂದಳು. ಹೊನ್ನಿ ಆ ಗರಿ ಕೈಗೆ ತಗೊಂಡು ಓದಿದಳು.

ಬರ್ತೀನಿ ಅಂದವನು ನೀನು,
ಬಾಗಿಲು ಮುಚ್ಚದವಳು ನಾನು.

ಸಣ್ಣಕ್ಕ ಹಂಡೆ ಪಕ್ಕದಲ್ಲೇ ಕೂತುಬಿಟ್ಟಳು. ನಮ್ಮ ಯಜಮಾನ್ರು ಉಪ್ಪು ತರ್ತೀನಿ ಅಂತ ಹೋಗಿ ಹನ್ನೊಂದು ವರ್ಷ ಕಣವ್ವ, ಇನ್ನೂ ಬಾಗಿಲು ಮುಚ್ಚಿಲ್ಲ ನಾನು, ಈ ಮಾತು ಯಾರಿಗೂ ಹೇಳಿಲ್ಲ, ನಿಂಗೆ ಯಾರು ಹೇಳಿದ್ರು? ಹೊನ್ನಿ ಗರ್ಭಗುಡಿ ಕಡೆ ತಿರುಗಿ ನೋಡಿದಳಂತೆ.

ಆಮೇಲೆ ಅವಳು ದಿನಾ ಬೆಟ್ಟ ಹತ್ತುವಳು, ಹಂಡೆ ಉಜ್ಜೋ ಹೆಂಗಸರೆಲ್ಲ ನಂಗೊಂದು ಗರಿ, ನಂಗೊಂದು ಗರಿ ಅಂತ ಕೈ ಚಾಚುವರು, ಪದ ಬಾಯಿಂದ ಬಾಯಿಗೆ ಇಳಿದು ಹೊಳೆ ದಾಟಿತಂತೆ. ಸಣ್ಣಕ್ಕನ ಗಂಡ ಬಂದನೋ ಇಲ್ಲವೋ ನಂಗೂ ಗೊತ್ತಿಲ್ಲ. ಹಾಡಿಕೊಂಡು ಕಾಯೋದು ಮಾತ್ರ ಒಂದಿಷ್ಟು ಹಗುರವಂತೆ. ಹೊನ್ನಿ ಸುಖವಾಗಿದ್ದಳು, ಬರೀತಾನೇ ಇದ್ದಳು. ಅವಳ ಪದ ಮುಗೀಲಿಲ್ಲ, ನನ್ನ ಕತೆ ಮುಗೀತು.