ಬೊಟ್ಟು ಒರೆಸಿಕೊಂಡ ಚಿಗುರಿ

ಹೂಂ ಅನ್ನಿ ಮಕ್ಕಳೇ. ಹೂಂ ಅಂದ್ರೆ ಕಥೆ ಮುಂದಕ್ಕೆ ಹೋಗುತ್ತೆ.

ತುಂಗಿ ಅಂತ ಒಬ್ಬ ಪುಟ್ಟ ಹುಡುಗಿ ಆಡ್ತಾ ಬಿದ್ದಳು. ಮೊಣಕಾಲು ತರಚಿತು. ಆ ಮೊಣಕಾಲಲ್ಲಿ ಒಂದು ಮನೆ. ಕಣ್ಣಿಗೇ ಕಾಣದಷ್ಟು ಪುಟ್ಟ ಮನೆ. ಜೀವಕೋಶ ಅಂತ ಅದರ ಹೆಸರು. ಅಲ್ಲಿ ಚಿಗುರಿ ಇದ್ದಳು. ಓಲೆ ಹಿಡಿದು ಒಳಮನೆಗೆ ಹೋಗೋದು ಅವಳ ಕೆಲಸ. ಒಳಮನೆಯಲ್ಲಿ ದೊಡ್ಡ ಪುಸ್ತಕ. ಓಲೆ ಹೋದರೆ ಪುಸ್ತಕ ತೆರೆಯುತ್ತೆ. ಪುಸ್ತಕ ತೆರೆದರೆ ಗಾಯ ಮಾಯುತ್ತೆ.

ಚಿಗುರಿ ಕೆನ್ನೆಗೆ ಒಂದು ದೃಷ್ಟಿಬೊಟ್ಟು. ಹುಟ್ಟುವಾಗ ಇರಲಿಲ್ಲ. ಆಮೇಲೆ ಅದೇ ಮನೆಯ ಬೊಟ್ಟಕ್ಕ ಇಟ್ಟದ್ದು. ತುಂಗಿ ಬಿದ್ದ ದಿನವೇ ಕೆನ್ನೆ ಕಡಿಯಿತು. ಚಿಗುರಿ ಒರೆಸಿಕೊಂಡೇಬಿಟ್ಟಳು. ಬೊಟ್ಟು ಹೋಯಿತು. ಆಗಲೇ ಗಾಯದ ಓಲೆ ಬಂತು! ಚಿಗುರಿ ಒಳಮನೆಯ ಬಾಗಿಲಿಗೆ ಓಡಿದಳು.

"ಬಾಗಿಲಣ್ಣಾ, ಬಾಗಿಲು ತೆಗಿ."
"ಬೊಟ್ಟಿಲ್ಲದೆ ತೆಗೆಯಲ್ಲಮ್ಮ."

"ಬೊಟ್ಟಕ್ಕಾ, ಬೊಟ್ಟಿಡು. ಬೊಟ್ಟಿಲ್ಲ, ಬಾಗಿಲಿಲ್ಲ."
"ಕಾಡಿಗೆಯಿಲ್ಲದೆ ಇಡಲ್ಲಮ್ಮ."

"ಕಾಡಿಗೆ ಮಾವಾ, ಕಾಡಿಗೆ ಕೊಡು. ಕಾಡಿಗೆಯಿಲ್ಲ, ಬೊಟ್ಟಿಲ್ಲ. ಬೊಟ್ಟಿಲ್ಲ, ಬಾಗಿಲಿಲ್ಲ."
"ದೀಪ ಉರಿಯದೆ ಕಾಡಿಗೆ ಎಲ್ಲಿಂದ ತರಲಮ್ಮ?"

"ದೀಪದ ತಾತಾ, ದೀಪ ಉರಿಸು. ದೀಪವಿಲ್ಲ, ಕಾಡಿಗೆಯಿಲ್ಲ. ಕಾಡಿಗೆಯಿಲ್ಲ, ಬೊಟ್ಟಿಲ್ಲ. ಬೊಟ್ಟಿಲ್ಲ, ಬಾಗಿಲಿಲ್ಲ."
"ತುತ್ತು ಬೀಳದೆ ದೀಪ ಉರಿಯಲ್ಲಮ್ಮ. ತುಂಗಿ ಬೆಳಗಿನಿಂದ ಉಂಡಿಲ್ಲ."

ಚಿಗುರಿ ಕೂತುಬಿಟ್ಟಳು. ಅತ್ತಳು.
"ತುತ್ತಿಲ್ಲ, ದೀಪವಿಲ್ಲ. ದೀಪವಿಲ್ಲ, ಕಾಡಿಗೆಯಿಲ್ಲ. ಕಾಡಿಗೆಯಿಲ್ಲ, ಬೊಟ್ಟಿಲ್ಲ. ಬೊಟ್ಟಿಲ್ಲ, ಬಾಗಿಲಿಲ್ಲ. ಒರೆಸಿದ್ದು ಯಾರು? ನಾನೇ. ಯಾಕಾದರೂ ಒರೆಸಿದೆನೋ!"

ಹೊರಗೆ ತುಂಗಿಯ ಮೊಣಕಾಲು ಚುರ್ ಅಂತು. ಬೆಳಗ್ಗೆ ಅಜ್ಜಿ ಗದರಿದಳು ಅಂತ ಅವಳು ತಟ್ಟೆ ನೂಕಿದ್ದಳು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಮುಖ ಬಾಡಿತ್ತು.

"ಅಜ್ಜಿ, ನೀನು ಉಂಡೆಯಾ?"
"ನೀನು ಉಣ್ಣದೆ ನಾನು ಹೇಗೆ ಉಣ್ಣಲಿ ಕಂದಾ?"

ತುಂಗಿಗೆ ಅಳು ಬಂತು. "ತಪ್ಪಾಯ್ತಜ್ಜಿ" ಅಂದಳು. ಬಾಯಿ ತೆರೆದಳು. ಅಜ್ಜಿ ತುತ್ತಿಟ್ಟಳು.

ತುತ್ತು ಬಂತು, ದೀಪ ಉರಿಯಿತು. ದೀಪ ಉರಿಯಿತು, ಕಾಡಿಗೆ ಬಂತು. ಕಾಡಿಗೆ ಬಂತು, ಬೊಟ್ಟು ಬಂತು. ಬೊಟ್ಟು ಬಂತು, ಬಾಗಿಲು ತೆರೆಯಿತು. ಚಿಗುರಿ ಓಡಿದಳು. ಪುಸ್ತಕ ತೆರೆಯಿತು. ಗಾಯ ಮಾಯಿತು.

ಆದರೆ ತಡವಾಗಿತ್ತಲ್ಲ, ಒಂದು ಸಣ್ಣ ಕಲೆ ಉಳಿಯಿತು. ಊಟಕ್ಕೆ ಕೂತಾಗಲೆಲ್ಲ ತುಂಗಿ ಅದನ್ನು ಮುಟ್ಟಿ ನೋಡುತ್ತಾಳೆ. ಆಮೇಲೆ ಮೊದಲ ತುತ್ತು ಅಜ್ಜಿಗೆ ಇಡುತ್ತಾಳೆ.

ಒಳಗೆ ಚಿಗುರಿಗೆ ಈಗಲೂ ಕೆನ್ನೆ ಕಡಿಯುತ್ತೆ. ಅವಳು ಕೈ ಎತ್ತುತ್ತಾಳೆ. ಸುಮ್ಮನೆ ಇಳಿಸುತ್ತಾಳೆ.